ಧಾರವಾಡದ ಸಾಲಿಗೆ ಹೆಸರು ಹಚ್ಚಲು ಬಂದ ಹುಡುಗ

1856ರ ಜೂನ್ ತಿಂಗಳಲ್ಲಿ ಧಾರವಾಡದ ಸರ್ಕಾರಿ ಶಾಲೆಯ ವಿಷಯವಾಗಿ ಮುಂಬೈ ಸರ್ಕಾರಕ್ಕೆ ಒಂದು ಅರ್ಜಿ ಹೋಯಿತು. ಅರ್ಜಿದಾರ ಒಬ್ಬ ಮಹಾರ ಹುಡುಗ. ಎಲ್ಲರಂತೆ ಫೀ ಕೊಡಲು ತಯಾರಿದ್ದರೂ ತನ್ನನ್ನು ಶಾಲೆಗೆ ಸೇರಿಸಿಕೊಳ್ಳುತ್ತಿಲ್ಲ ಎಂಬುದು ಅವನ ದೂರು. ಅವನು ಸುಮ್ಮನೆ ಮನೆಗೆ ಹೋಗಿ ಕೂತಿದ್ದರೆ ಆ ಕಾಲದ ಸಾವಿರಾರು ಮಕ್ಕಳ ಹಾಗೆ ಯಾವ ಕಾಗದದಲ್ಲೂ ಉಳಿಯುತ್ತಿರಲಿಲ್ಲ. ಹೆದರದೆ ಅರ್ಜಿ ಹಾಕಿದ್ದರಿಂದ ಅವನ ಮಾತು ಮುಂಬೈ, ಕಲ್ಕತ್ತೆ, ಲಂಡನ್ ಮೂರೂ ಕಡೆ ಮುಟ್ಟಿತು.

ನಾನು ಧಾರವಾಡ ತಾಲೂಕಿನ ಕನ್ನಡ ಸಾಲಿಗಳಲ್ಲಿ ಕಲಿಸುತ್ತಾ ಮುದುಕಿಯಾದವಳು. ಜೂನ್ ಬಂತೆಂದರೆ ಹೆಸರು ಹಚ್ಚುವ ಗದ್ದಲ ಹೇಗಿರುತ್ತದೆಂದು ಬಲ್ಲೆ. ಹುಟ್ಟಿದ ತಾರೀಖು ಕೇಳಿದರೆ "ಕಾರಹುಣ್ಣಿಮಿ ಮುಂದ ಹುಟ್ಟ್ಯಾನ್ರಿ ಅಕ್ಕಾರ" ಎನ್ನುತ್ತಿದ್ದರು. ನಾವು ಜೂನ್ 1 ಎಂದು ಬರೆದುಕೊಳ್ಳುತ್ತಿದ್ದೆವು. ಹೀಗಾಗಿ ನಮ್ಮ ರಜಿಸ್ಟರಿನಲ್ಲಿ ಅರ್ಧ ಊರೇ ಜೂನ್ 1ಕ್ಕೆ ಹುಟ್ಟಿದೆ. ಜಾತಿಯ ಕಾಲಮಿಗೆ ಬಂದಾಗ ಮಾತ್ರ ಕೆಲವು ತಂದೆಯರ ದನಿ ತಗ್ಗುತ್ತಿತ್ತು. ಹಿಂದೆ ನಿಂತವರಿಗೆ ಕೇಳಬಾರದೆಂದು ಟೇಬಲ್ ಮೇಲೆ ಬಾಗಿ ಹೇಳುತ್ತಿದ್ದರು. 1856ರಲ್ಲಿ ಆ ಹುಡುಗನ ಜೊತೆ ಯಾರು ಬಂದಿದ್ದರೋ, ಅವರು ಯಾವ ದನಿಯಲ್ಲಿ ಹೇಳಿದರೋ ಎಂದು ನನಗೆ ಆಗೆಲ್ಲ ಅನ್ನಿಸಿದ್ದುಂಟು.

ಮುಂಬೈ ಸರ್ಕಾರ ಜುಲೈ 21ರಂದು ಠರಾವು ಹೊರಡಿಸಿತು. ಅದರ ಸಾರ ಹೀಗಿದೆ: ತತ್ವದ ಮಟ್ಟಿಗೆ ನ್ಯಾಯ ಹುಡುಗನ ಕಡೆಗೇ ಇದೆ, ಅವನಿಗೆ ಅಡ್ಡ ಬಂದಿರುವ ಪೂರ್ವಗ್ರಹ ಬೇಗ ಅಳಿಯಲಿ ಎಂದು ಸರ್ಕಾರವೂ ಹಾರೈಸುತ್ತದೆ. ಆದರೆ ಒಬ್ಬಿಬ್ಬರ ಸಲುವಾಗಿ ಅನೇಕ ಕಾಲದ ನಂಬಿಕೆಗೆ ಏಕಾಏಕಿ ಕೈಹಾಕಿದರೆ ಶಿಕ್ಷಣದ ಕೆಲಸಕ್ಕೇ ಪೆಟ್ಟು ಬೀಳುತ್ತದೆ. ಅರ್ಜಿದಾರನ ಕಷ್ಟ ಈ ಸರ್ಕಾರ ಹುಟ್ಟಿಸಿದ್ದಲ್ಲ, ಅವನ ಪರವಾಗಿ ನಡುವೆ ಬಂದು ತಟ್ಟನೆ ಅದನ್ನು ನಿವಾರಿಸುವುದೂ ಸರ್ಕಾರದಿಂದ ಆಗದು.

ನಿನ್ನ ಜಾತಿಗೆ ವಿದ್ಯೆ ಸಲ್ಲದು ಎಂದು ಒರಟಾಗಿ ಹೇಳಿದ್ದರೆ ಅದನ್ನು ಎದುರಿಸಬಹುದಿತ್ತು. ಇದು ಹಾಗಿಲ್ಲ. ನಿನ್ನ ಮಾತು ಸರಿ ಎಂದು ಒಪ್ಪಿಕೊಂಡೇ ಬಾಗಿಲು ಹಾಕಿದೆ. ಹುಡುಗನಿಗೆ ಇನ್ನು ವಾದ ಮಾಡಲು ಏನೂ ಉಳಿಯದಂತೆ ಮಾಡಿದ ಉತ್ತರ ಇದು, ಅದಕ್ಕೇ ನನಗೆ ಇದು ಹೆಚ್ಚು ಕ್ರೂರವಾಗಿ ಕಾಣುತ್ತದೆ.

ಅಧಿಕಾರಿಗಳ ಭಯ ಪೂರಾ ಕಟ್ಟುಕತೆಯಲ್ಲ, ಅದನ್ನೂ ಹೇಳಬೇಕು. ಒಬ್ಬನನ್ನು ಒಳಗೆ ಬಿಟ್ಟರೆ ಉಳಿದವರು ಮಕ್ಕಳನ್ನು ಬಿಡಿಸಿಕೊಂಡು ಹೋಗುತ್ತಾರೆ, ಶಾಲೆಯೇ ಮುಚ್ಚುತ್ತದೆ ಎಂಬುದು ಅವರ ಲೆಕ್ಕ. ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಮುಂದೆ ಹಾಗೇ ಆಯಿತು. ಅಸ್ಪೃಶ್ಯ ಮಕ್ಕಳನ್ನು ಸೇರಿಸಿಕೊಂಡದ್ದಕ್ಕೆ ಕೆಲವು ದೊಡ್ಡ ಶಾಲೆಗಳು ವರ್ಷಗಟ್ಟಲೆ ಬಾಗಿಲು ಹಾಕಿದವು, ಒಂದು ಕಡೆ ಆ ಜನರ ಗುಡಿಸಲು ಬೆಳೆಗಳಿಗೆ ಬೆಂಕಿ ಬಿತ್ತು. ಆದರೆ ಬೆಂಕಿ ಇಟ್ಟವರ ಸಿಟ್ಟಿಗೆ ದಂಡ ತೆರಬೇಕಾದವನು ಓದಲು ಬಂದ ಹುಡುಗನೇ ಏಕೆ? ಇದಕ್ಕೆ ಆ ಠರಾವಿನಲ್ಲಿ ಉತ್ತರವಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಈ ಅರ್ಜಿಗೆ ಎರಡು ವರ್ಷ ಮೊದಲೇ, 1854ರ ಮೇ 5ರ ಪತ್ರದಲ್ಲಿ, ಜಾತಿಯೊಂದೇ ಕಾರಣಕ್ಕೆ ಯಾವ ಹುಡುಗನಿಗೂ ಸರ್ಕಾರಿ ಶಾಲೆಯ ಪ್ರವೇಶ ತಪ್ಪಿಸಬಾರದೆಂದು ಕಂಪನಿಯ ನಿರ್ದೇಶಕರು ತಿಳಿಸಿಯಾಗಿತ್ತು. ಅಂದರೆ ಧಾರವಾಡದ ಹುಡುಗ ಹೊಸದೇನನ್ನೂ ಬೇಡಲಿಲ್ಲ. ಇದ್ದ ನಿಯಮವನ್ನೇ ಕೇಳಿದ.

ಕಲ್ಕತ್ತೆಯಲ್ಲಿ ಆಗ ಕ್ಯಾನಿಂಗ್ ಗವರ್ನರ್ ಜನರಲ್. ಬಂಗಾಳ ಪ್ರಾಂತ್ಯದ ಯಾವ ಸರ್ಕಾರಿ ಶಾಲೆಯಲ್ಲೂ ಈ ಹುಡುಗನನ್ನು ಹಿಂದಕ್ಕೆ ಕಳಿಸುತ್ತಿರಲಿಲ್ಲ ಎಂದು 1857ರ ಜನವರಿಯಲ್ಲಿ ಅಲ್ಲಿಂದ ಮುಂಬೈಗೆ ಪತ್ರ ಬಂತು. ಅದೇ ವರ್ಷ ಉತ್ತರದಲ್ಲಿ ದಂಗೆ ಎದ್ದಿತು. ಧರ್ಮದ ವಿಷಯಕ್ಕೆ ಸರ್ಕಾರ ಕೈಹಾಕಿದ್ದೇ ಕಾರಣ ಎಂಬ ಮಾತು ಎಲ್ಲ ಕಡೆ ಹಬ್ಬಿತು. ಹಾಗಿದ್ದೂ 1858ರ ಏಪ್ರಿಲ್ 28ರಂದು ಲಂಡನ್ನಿನ ನಿರ್ದೇಶಕರು, ಸರ್ಕಾರದ ವಿದ್ಯಾಸಂಸ್ಥೆಗಳು ಎಲ್ಲ ವರ್ಗದವರಿಗೂ ತೆರೆದಿರತಕ್ಕವು, ಈ ತತ್ವ ಬಿಡಲಾಗದು ಎಂದು ಬರೆದರು. ಮುಂದಿನ ತಿಂಗಳೇ ನಮ್ಮ ನರಗುಂದದ ಬಾಬಾಸಾಹೇಬ ಬಂಡೆದ್ದ. ವರ್ಷ ಮುಗಿಯುವುದರೊಳಗೆ ಕಂಪನಿಯ ಆಡಳಿತವೇ ಹೋಯಿತು. ಹುಡುಗನಿಗೆ ಸಾಲಿಯ ವಯಸ್ಸು ಮೀರುತ್ತಿತ್ತು.

ಅದೇ ಕಾಲದ ಧಾರವಾಡದಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರು ಮರಾಠಿ ಶಾಲೆಗಳ ನಡುವೆ ಕನ್ನಡ ಶಾಲೆಗಳನ್ನು ನಿಲ್ಲಿಸಲು ಜೀವ ತೇಯ್ದರು. ನಾನು ಕನ್ನಡದಲ್ಲಿ ಓದಿದ್ದು, ಕನ್ನಡ ಕಲಿಸಿ ಉಂಡದ್ದು ಅಂಥವರ ಪುಣ್ಯದಿಂದ. ಅವರನ್ನು ನಾವು ಪ್ರತಿ ನವೆಂಬರಿನಲ್ಲಿ ನೆನೆಯುತ್ತೇವೆ. ಶಾಲೆಯಲ್ಲಿ ಯಾವ ಭಾಷೆ ಇರಬೇಕು ಎಂದು ಕೇಳಿದವರ ಜೊತೆಗೆ, ಶಾಲೆಯೊಳಗೆ ಯಾರು ಇರಬೇಕು ಎಂದು ಕೇಳಿದ ಆ ಹುಡುಗನನ್ನೂ ಧಾರವಾಡ ನೆನೆಯಬೇಕಿತ್ತು.

1882ರಲ್ಲಿ ನೇಮಕವಾದ ಹಂಟರ್ ಆಯೋಗ ಹಳೆಯ ತತ್ವವನ್ನೇ ಮತ್ತೆ ಎತ್ತಿ ಹಿಡಿದು, ಅದನ್ನು ತಕ್ಕ ಎಚ್ಚರಿಕೆಯಿಂದ ಜಾರಿಗೆ ತರಬೇಕು ಎಂದು ಸೇರಿಸಿತು. ಆ ಎಚ್ಚರಿಕೆಯ ಅರ್ಥ ಊರೂರಿಗೆ ಬೇರೆಯಾಯಿತು. ಒಂದು ಕಡೆ ಬೇರೆ ಶಾಲೆ, ಇನ್ನೊಂದು ಕಡೆ ಜಗುಲಿ. ಮುಂದೆ ಸಾತಾರದ ಶಾಲೆಯಲ್ಲಿ ಬಾಲಕ ಅಂಬೇಡ್ಕರ್ ಕೂರುತ್ತಿದ್ದದ್ದು ತಾನೇ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ. ಸಂಜೆ ಅದನ್ನು ಮನೆಗೇ ಒಯ್ಯಬೇಕಿತ್ತು, ಶಾಲೆ ಗುಡಿಸುವ ಆಳೂ ಅದನ್ನು ಮುಟ್ಟುತ್ತಿರಲಿಲ್ಲ. ನೀರಡಿಸಿದರೆ ನಲ್ಲಿಯನ್ನು ಜವಾನನೇ ತಿರುಗಿಸಬೇಕು, ಅವನಿಲ್ಲದ ದಿನ ನೀರಿಲ್ಲ. ಹೆಸರು ಮಾತ್ರ ರಜಿಸ್ಟರಿನಲ್ಲಿತ್ತು. ನಿಯಮದ ಪ್ರಕಾರ ಅವರಿಗೆ ಪ್ರವೇಶ ಸಿಕ್ಕಿತ್ತು.

ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗೆಂದೇ ಶಾಲೆ ತೆರೆದು ಸ್ವಜಾತಿಯವರ ಬಹಿಷ್ಕಾರ ಉಂಡರು. ಮೈಸೂರು ಸಂಸ್ಥಾನ 1915ರಲ್ಲಿ ಸರ್ಕಾರಿ ಶಾಲೆಗಳನ್ನು ಪಂಚಮರಿಗೆ ತೆರೆಯಿತು. ನಮ್ಮದು ಮುಂಬೈ ಇಲಾಖೆ, 1923ರಲ್ಲಿ ಎಸ್. ಕೆ. ಬೋಲೆಯವರ ಠರಾವು ಕೆರೆ ಬಾವಿಗಳ ಜೊತೆ ಸಾರ್ವಜನಿಕ ಶಾಲೆಗಳನ್ನೂ ಅಸ್ಪೃಶ್ಯರಿಗೆ ತೆರೆಯಬೇಕೆಂದಿತು. 1928ರಲ್ಲಿ ಅಂಬೇಡ್ಕರ್ ಕಟ್ಟಿದ ಶಿಕ್ಷಣ ಸಂಸ್ಥೆಯ ವಿದ್ಯಾರ್ಥಿನಿಲಯಗಳಲ್ಲಿ ಒಂದು ಧಾರವಾಡದಲ್ಲೇ ನಡೆಯಿತು. ಕೊನೆಗೆ ಸಂವಿಧಾನದ 29ನೇ ವಿಧಿಯ ಎರಡನೇ ಖಂಡ, ಸರ್ಕಾರ ನಡೆಸುವ ಅಥವಾ ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಬರೀ ಧರ್ಮ, ಜನಾಂಗ, ಜಾತಿ, ಭಾಷೆಯ ಕಾರಣಕ್ಕೆ ಯಾವ ನಾಗರಿಕನಿಗೂ ಪ್ರವೇಶ ನಿರಾಕರಿಸಬಾರದೆಂದು ಕಟ್ಟಾಜ್ಞೆ ಮಾಡಿತು.

ಆದರೂ ಮುಂಬೈ ಸರ್ಕಾರದ ಆ ತರ್ಕವನ್ನು ನಾನು ಕಿವಿಯಾರೆ ಕೇಳಿದ್ದೇನೆ. ಬಿಸಿಯೂಟ ಹೊಸದಾಗಿ ಬಂದ ಕಾಲ. ನಮ್ಮ ಸಾಲಿಗೆ ಅಡುಗೆಗೆ ಬಂದ ಹೆಣ್ಣುಮಗಳು ದಲಿತ ಕೇರಿಯವಳು. ಮರುದಿನದಿಂದ ಕೆಲವು ಮಕ್ಕಳು ಮನೆಯಿಂದ ಡಬ್ಬಿ ಕಟ್ಟಿಕೊಂಡು ಬಂದು ಬೇರೆ ಸಾಲಿನಲ್ಲಿ ಕೂತವು. ಊರ ಹಿರಿಯರೊಬ್ಬರು ಬಂದು, "ನೀವು ಹೇಳೂದು ನ್ಯಾಯಾನ ಐತ್ರಿ ಅಕ್ಕಾರ, ಆದ್ರ ಊರ ಮಂದಿ ಒಪ್ಪಬೇಕಲ್ಲ? ನಾಳೆ ಸಾಲೀನ ಮುಚ್ಚೂ ಪಾಳಿ ಬಂದೀತು" ಎಂದರು. ಸಿಟ್ಟಿನಿಂದಲ್ಲ, ಹಿತ ಹೇಳುವವರ ಹಾಗೆಯೇ ಹೇಳಿದರು. ಅಡುಗೆಯವಳು ಬಾಗಿಲ ಬಳಿ ಸೌಟು ಹಿಡಿದು ನಿಂತಿದ್ದಳು, ಎಲ್ಲ ಅವಳ ಕಿವಿಗೆ ಬಿತ್ತು. ಅವಳನ್ನು ಬಿಡಿಸುವುದಿಲ್ಲ ಎಂದು ಅವಳೆದುರಿಗೇ ಹೇಳಿದೆ. ಅವತ್ತಿನಿಂದ ಶಿಕ್ಷಕರೆಲ್ಲ ಮಕ್ಕಳ ಸಾಲಿನಲ್ಲೇ ತಾಟು ಇಟ್ಟುಕೊಂಡು ಅವಳು ಬಡಿಸಿದ್ದನ್ನು ಉಂಡೆವು. ದೀಪಾವಳಿ ಸೂಟಿ ಮುಗಿಯುವಷ್ಟರಲ್ಲಿ ಡಬ್ಬಿಗಳು ಕಡಿಮೆಯಾದವು. ಎರಡು ಮನೆಯವರು ಮಾತ್ರ ಮಕ್ಕಳ ಟಿ.ಸಿ. ಕೇಳಿದರು, ಸಹಿ ಮಾಡಿ ಕೊಟ್ಟೆವು. ಸಾಲಿ ಮುಚ್ಚಲಿಲ್ಲ.