ಸೆಕ್ರೆಟಿನ್

ಸೆಕ್ರೆಟಿನ್: ಮೇದೋಜೀರಕ ಗ್ರಂಥಿಯಿಂದ ಬೈಕಾರ್ಬೊನೇಟ್ ತುಂಬಿದ ರಸವನ್ನು ಸ್ರವಿಸುವಂತೆ ಮಾಡುವ, 27 ಅಮೈನೊ ಆಮ್ಲಗಳ ಪೆಪ್ಟೈಡ್ ಹಾರ್ಮೋನು. ಜಠರದ ಆಮ್ಲ ತಗುಲಿದಾಗ ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುಯೋಡಿನಮ್‌ನ ಎಸ್ ಕೋಶಗಳು ಇದನ್ನು ರಕ್ತಕ್ಕೆ ಬಿಡುತ್ತವೆ. 1902ರಲ್ಲಿ ಲಂಡನ್ನಿನಲ್ಲಿ ಶರೀರಕ್ರಿಯಾ ವಿಜ್ಞಾನಿಗಳಾದ ಬೇಲಿಸ್ ಮತ್ತು ಸ್ಟಾರ್ಲಿಂಗ್ ಇದನ್ನು ಪತ್ತೆಹಚ್ಚಿದರು. ಹಾರ್ಮೋನು ಎಂಬ ಪದ ಬಳಕೆಗೆ ಬಂದದ್ದು 1905ರಲ್ಲಿ.

ಮೇದೋಜೀರಕ ಗ್ರಂಥಿಯ ಕಾರ್ಯಪರೀಕ್ಷೆಗೆ ಬಹುಕಾಲ ಹಂದಿಯ ಕರುಳಿನಿಂದ ಶುದ್ಧೀಕರಿಸಿದ ನೈಸರ್ಗಿಕ ಸೆಕ್ರೆಟಿನ್ನೇ ಆಧಾರವಾಗಿತ್ತು. ಮಾನವ ಸೆಕ್ರೆಟಿನ್‌ಗೂ ಅದಕ್ಕೂ ಇರುವ ವ್ಯತ್ಯಾಸ ಎರಡೇ ಅಮೈನೊ ಆಮ್ಲಗಳದು. ಪ್ರಯೋಗಾಲಯದಲ್ಲಿ ಜೋಡಿಸಿದ ಕೃತಕ ಮಾನವ ಸೆಕ್ರೆಟಿನ್‌ಗೆ ಅಮೆರಿಕದಲ್ಲಿ 2004ರಲ್ಲಿ ಅನುಮತಿ ದೊರೆಯಿತು. ಸ್ರಾವದ ಪ್ರಮಾಣದಲ್ಲಾಗಲಿ ಬೈಕಾರ್ಬೊನೇಟ್ ಸಾಂದ್ರತೆಯಲ್ಲಾಗಲಿ ಎರಡರ ಪರಿಣಾಮವೂ ಹೆಚ್ಚುಕಡಿಮೆ ಒಂದೇ. ಕೃತಕದ ಮೇಲುಗೈ ಶುದ್ಧತೆ ಮತ್ತು ಪೂರೈಕೆಯಲ್ಲಿ. ಪರೀಕ್ಷೆಯಲ್ಲಿ ದೇಹತೂಕದ ಕಿಲೋಗೆ 0.2 ಮೈಕ್ರೊಗ್ರಾಂ ಸೆಕ್ರೆಟಿನ್ ಅನ್ನು ಅಭಿಧಮನಿಗೆ ಕೊಟ್ಟು, ನಳಿಕೆಯಿಂದ ಒಂದು ಗಂಟೆ ರಸ ಸಂಗ್ರಹಿಸುತ್ತಾರೆ. ಬೈಕಾರ್ಬೊನೇಟಿನ ಗರಿಷ್ಠ ಸಾಂದ್ರತೆ ಲೀಟರಿಗೆ 80 ಮಿಲಿಈಕ್ವಿವಲೆಂಟ್ ಮುಟ್ಟದಿದ್ದರೆ ಗ್ರಂಥಿಯ ಕಾರ್ಯ ಕುಂದಿದೆ ಎಂದು ಪರಿಗಣಿಸಲಾಗುತ್ತದೆ.