ಟ್ರಕ್ ಹಡಗುಗಳ ಮೂರು ಸಾಕ್ಷಿಗಳು: ಯುದ್ಧಕಾಲದ ಅವಶೇಷಗಳು ಮತ್ತು ಡೈವಿಂಗ್‌ನ ಇತಿಹಾಸ

ಪಶ್ಚಿಮ ಪೆಸಿಫಿಕ್‌ನ ಟ್ರಕ್ ದ್ವೀಪಗಳ ನಡುವೆ ಮುಳುಗಿರುವ ಜಪಾನಿ ಹಡಗುಗಳ ಬಗ್ಗೆ ಬಂದ ಜನಪ್ರಿಯ ಬರಹಗಳಲ್ಲಿ ಹೆಚ್ಚಿನವು ಕಥೆಯನ್ನು 1969ರಿಂದ ಶುರುಮಾಡುತ್ತವೆ. ಫ್ರಾನ್ಸಿನ ಜಾಕ್ ಕುಸ್ತೋ ಅವರ ತಂಡ ಕ್ಯಾಮೆರಾ ಸಮೇತ ಅಲ್ಲಿ ನೀರಿಗಿಳಿದದ್ದು ಆ ವರ್ಷ. ಅವರು ತೆಗೆದ ಚಿತ್ರ 1971ರಲ್ಲಿ ಟೆಲಿವಿಷನ್‌ನಲ್ಲಿ ಬಂದ ಮೇಲೆ ಡೈವರ್‌ಗಳ ಲೋಕದಲ್ಲಿ ಟ್ರಕ್ ಎಂಬ ಹೆಸರು ಮನೆಮಾತಾಯಿತು. ಕಥೆಯನ್ನು ಅಲ್ಲಿಂದ ಶುರುಮಾಡುವುದು ಸರಿಯಲ್ಲ ಎಂಬುದು ಈ ಲೇಖನದ ವಾದ. ಆ ಹಡಗುಗಳು ಮುಳುಗಿದ್ದನ್ನು ದಡದಲ್ಲಿ ನಿಂತು ನೋಡಿದ ಜನ ಅಲ್ಲೇ ಬದುಕಿದ್ದರು. ಮುಳುಗಿಸಿದವರು ವಿಮಾನದಿಂದ ತೆಗೆದ ಫೋಟೊಗಳು ಅಮೆರಿಕದ ನೌಕಾಪಡೆಯ ಕಡತಗಳಲ್ಲಿದ್ದವು. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡವರು ಬಂದದ್ದು ಮೂರನೆಯವರಾಗಿ. ಈ ಮೂರೂ ಸಾಕ್ಷ್ಯಗಳನ್ನು ಒಟ್ಟಿಗಿಟ್ಟು ಓದದಿದ್ದರೆ ಅಲ್ಲಿ ಉಳಿಯುವುದು ಮೀನು, ಹವಳ ಮತ್ತು ತುಕ್ಕು ಮಾತ್ರ.

ಟ್ರಕ್ ಈಗ ಚೂಕ್. ಮೈಕ್ರೊನೇಷ್ಯಾ ಸಂಯುಕ್ತ ರಾಜ್ಯಗಳ ನಾಲ್ಕು ರಾಜ್ಯಗಳಲ್ಲಿ ಅದೂ ಒಂದು. ಸುತ್ತ ಹವಳದ ದಿಬ್ಬದ ಕೋಟೆ, ಒಳಗೆ ಎರಡು ಸಾವಿರ ಚದರ ಕಿಲೋಮೀಟರಿನಷ್ಟು ಶಾಂತ ನೀರಿನ ಲಗೂನ್, ಆ ನೀರಿನ ನಡುವೆ ಕಾಡು ಮುಚ್ಚಿದ ಗುಡ್ಡದ ದ್ವೀಪಗಳು. ದಿಬ್ಬದಲ್ಲಿ ದೊಡ್ಡ ಹಡಗು ನುಸುಳಬಹುದಾದ ಕಂಡಿಗಳು ಕೆಲವೇ. ಹೊರಗಿನಿಂದ ಹೊಡೆಯುವ ಫಿರಂಗಿಗೆ ಒಳಗಿನ ಲಂಗರುದಾಣ ಸುಲಭಕ್ಕೆ ಎಟುಕುತ್ತಿರಲಿಲ್ಲ. 1914ರಲ್ಲಿ ಜರ್ಮನಿಯಿಂದ ಈ ದ್ವೀಪಗಳನ್ನು ಕಸಿದುಕೊಂಡ ಜಪಾನ್, ಮೊದಲ ಮಹಾಯುದ್ಧದ ನಂತರ ರಾಷ್ಟ್ರಸಂಘದ ಒಪ್ಪಿಗೆ ಪಡೆದು ಅವುಗಳನ್ನು ಆಳಿತು. ದ್ವೀಪಗಳಿಗೆ ಋತುಗಳ ಹೆಸರಿಟ್ಟಿತು: ತೊನೊವಾಸ್ 'ಬೇಸಿಗೆ ದ್ವೀಪ'ವಾಯಿತು, ವೇನೊ 'ವಸಂತ ದ್ವೀಪ'ವಾಯಿತು. ವರ್ಷವಿಡೀ ಒಂದೇ ಬಗೆಯ ಸೆಕೆ ಇರುವ ಊರಿಗೆ ನಾಲ್ಕು ಋತುಗಳನ್ನು ಹಂಚಿದ್ದು ವಸಾಹತುಶಾಹಿಗೇ ಸಾಧ್ಯವಾಗುವ ವಿನೋದ. ಎರಡನೆಯ ಮಹಾಯುದ್ಧದ ಹೊತ್ತಿಗೆ ಇದು ಜಪಾನಿನ ಸಂಯುಕ್ತ ನೌಕಾಪಡೆಯ ಮುಂಚೂಣಿ ನೆಲೆಯಾಗಿತ್ತು. ಯಮಾಟೊ, ಮುಸಾಶಿಯಂಥ ದೈತ್ಯ ಯುದ್ಧನೌಕೆಗಳು ಇಲ್ಲಿ ಲಂಗರು ಹಾಕಿದ್ದವು.

1944ರ ಫೆಬ್ರವರಿ 4ರಂದು ಅಮೆರಿಕದ ಎರಡು ವಿಮಾನಗಳು ಬಹಳ ಎತ್ತರದಿಂದ ಟ್ರಕ್‌ನ ಫೋಟೊ ತೆಗೆದು ಹೋದವು. ಅಪಾಯದ ವಾಸನೆ ಹಿಡಿದ ಸಂಯುಕ್ತ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಕೋಗಾ ಪ್ರಮುಖ ಯುದ್ಧನೌಕೆಗಳನ್ನು ಹೊರಗೆ ಕಳಿಸಿಬಿಟ್ಟ. ಸರಕು ಹಡಗುಗಳು, ಎಣ್ಣೆ ಟ್ಯಾಂಕರುಗಳು, ಕೆಲವು ಸಣ್ಣ ಯುದ್ಧನೌಕೆಗಳು ಅಲ್ಲೇ ಉಳಿದವು. ಫೆಬ್ರವರಿ 17ರ ಬೆಳಗಿನ ಜಾವ ಒಂಬತ್ತು ವಿಮಾನವಾಹಕ ನೌಕೆಗಳಿದ್ದ ಅಮೆರಿಕದ ಪಡೆ ದಾಳಿ ಆರಂಭಿಸಿತು. ಮೊದಲು ಬಂದವು 72 ಹೆಲ್‌ಕ್ಯಾಟ್ ಯುದ್ಧವಿಮಾನಗಳು. ಬಾಂಬು ಮತ್ತು ಟಾರ್ಪಿಡೊ ಹೊತ್ತವು ಅವುಗಳ ಬೆನ್ನಿಗೆ. ಎರಡು ದಿನಗಳಲ್ಲಿ ಸುಮಾರು 40 ಹಡಗುಗಳು, ಒಟ್ಟು ಎರಡು ಲಕ್ಷ ಟನ್ನಿನಷ್ಟು, ನೀರುಪಾಲಾದವು. 250ಕ್ಕೂ ಹೆಚ್ಚು ವಿಮಾನಗಳು ನಾಶವಾದವು. ಈ ಕಾರ್ಯಾಚರಣೆಯ ಗುಪ್ತನಾಮ 'ಹೇಲ್‌ಸ್ಟೋನ್', ಅಂದರೆ ಆಲಿಕಲ್ಲು.

ಇಲ್ಲಿ ಮುಳುಗಿದವುಗಳಲ್ಲಿ ಬಹುಪಾಲು ಯುದ್ಧಕ್ಕೆಂದೇ ಕಟ್ಟಿದ ನೌಕೆಗಳಲ್ಲ. ಹೆಸರಿನ ಕೊನೆಗೆ 'ಮಾರು' ಎಂದಿರುವ, ಸೇನೆ ವಶಪಡಿಸಿಕೊಂಡ ನಾಗರಿಕ ಹಡಗುಗಳು ಅವು. ಹಾಗಾಗಿ ಪ್ರತಿಯೊಂದಕ್ಕೂ ಯುದ್ಧಕ್ಕೆ ಮುಂಚಿನ ಒಂದು ಬದುಕಿದೆ. ಹೇಯಾನ್ ಮಾರು ಜಪಾನಿನಿಂದ ಸಿಯಾಟಲ್‌ಗೆ ಪ್ರಯಾಣಿಕರನ್ನು ಒಯ್ಯುತ್ತಿದ್ದ ಹಡಗು. ಸೇನೆ ಅದನ್ನು ಜಲಾಂತರ್ಗಾಮಿಗಳಿಗೆ ಸಾಮಾನು ಪೂರೈಸುವ ನೌಕೆಯಾಗಿ ಮಾರ್ಪಡಿಸಿತು. ಈಗ ಅದು ಎಡಮಗ್ಗುಲಾಗಿ ತಳದಲ್ಲಿ ಮಲಗಿದೆ. ಮುಂಭಾಗದಲ್ಲಿ ಹೆಸರು ಜಪಾನಿ ಮತ್ತು ಇಂಗ್ಲಿಷ್ ಎರಡೂ ಲಿಪಿಗಳಲ್ಲಿದ್ದು, ಡೈವರ್‌ಗಳು ಕೈಯಿಂದ ಪಾಚಿ ಸವರಿ ಓದುತ್ತಾರೆ. ಅದರ ಸೋದರ ಹಡಗು ಹಿಕಾವಾ ಮಾರು ಯುದ್ಧದಲ್ಲಿ ಉಳಿದುಕೊಂಡು ಇಂದು ಯೊಕೊಹಾಮಾ ಬಂದರಿನಲ್ಲಿ ಮ್ಯೂಸಿಯಂ ಆಗಿ ನಿಂತಿದೆ. ಒಂದೇ ನಕ್ಷೆಯ ಎರಡು ಹಡಗುಗಳನ್ನು, ಒಂದನ್ನು ಟಿಕೆಟ್ ಕೊಂಡು ಇನ್ನೊಂದನ್ನು ಸಿಲಿಂಡರ್ ಕಟ್ಟಿಕೊಂಡು, ಹೋಲಿಸಿ ನೋಡುವ ಇಂಥ ಅವಕಾಶ ಸಂಶೋಧಕರಿಗೆ ಅಪರೂಪ.

ಭಾರತೀಯ ಓದುಗರಿಗೆ ಇನ್ನೂ ಹತ್ತಿರದ ಹಡಗು ಐಕೊಕು ಮಾರು. ಹಿಂದೂ ಮಹಾಸಾಗರದಲ್ಲಿ ಮಿತ್ರರಾಷ್ಟ್ರಗಳ ಸರಕು ಹಡಗುಗಳನ್ನು ಬೇಟೆಯಾಡಲು ಜಪಾನ್ ಇದನ್ನೂ ಇದರ ಜೊತೆಗಾರ ಹೊಕೊಕು ಮಾರುವನ್ನೂ ಕಳಿಸಿತ್ತು. 1942ರ ಜುಲೈನಲ್ಲಿ ಇವೆರಡೂ ಕೂಡಿ ಹೌರಾಕಿ ಎಂಬ ನ್ಯೂಜಿಲೆಂಡಿನ ಹಡಗನ್ನು ಸೆರೆಹಿಡಿದವು. ಅದೇ ವರ್ಷ ನವೆಂಬರ್ 11ರಂದು ಅವಕ್ಕೆ ಎದುರಾದದ್ದು ಒಂಡಿನಾ ಎಂಬ ಡಚ್ ಟ್ಯಾಂಕರ್ ಮತ್ತು ಅದರ ಬೆಂಗಾವಲಿಗಿದ್ದ ಪುಟ್ಟ ನೌಕೆ ಬೆಂಗಾಲ್. ಈ ಬೆಂಗಾಲ್ ಅಂದಿನ ರಾಯಲ್ ಇಂಡಿಯನ್ ನೇವಿಗೆ ಸೇರಿದ, ಮೈನ್ ತೆರವಿನ ಕೆಲಸಕ್ಕೆಂದು ಕಟ್ಟಿದ ನೌಕೆ. ಅದರಲ್ಲಿದ್ದ ದೊಡ್ಡ ಫಿರಂಗಿ ಒಂದೇ ಒಂದು. ಹಾಗಿದ್ದೂ ಅದು ಓಡಿಹೋಗದೆ ನೇರ ಶತ್ರುವಿನ ಕಡೆಗೇ ನುಗ್ಗಿತು. ಹೊಕೊಕು ಮಾರು ಬೆಂಕಿ ಹೊತ್ತಿ ಸಿಡಿದು ಮುಳುಗಿತು. ಬೆಂಗಾಲ್, ಒಂಡಿನಾ ಎರಡೂ ಏಟು ತಿಂದು ಬದುಕಿದವು. ಪಾರಾಗಿ ಹೋದ ಐಕೊಕು ಮಾರುವಿಗೆ ಹದಿನೈದು ತಿಂಗಳ ನಂತರ ಟ್ರಕ್‌ನಲ್ಲಿ ಕೊನೆ ಬಂತು. ಬಾಂಬು ಅದರೊಳಗಿದ್ದ ಮದ್ದುಗುಂಡಿಗೆ ತಾಗಿ ಹಡಗಿನ ಮುಂಭಾಗವೇ ಇಲ್ಲವಾಯಿತು. ದಾಳಿ ಮಾಡಿದ ವಿಮಾನವೂ ಆ ಸ್ಫೋಟಕ್ಕೆ ಸಿಕ್ಕಿ ಚೂರಾಯಿತು. ಐಕೊಕು ಮಾರು ಸೆರೆಹಿಡಿದಿದ್ದ ಹೌರಾಕಿ ಕೂಡ ಹೊಕಿ ಮಾರು ಎಂಬ ಜಪಾನಿ ಹೆಸರು ಹೊತ್ತು ಅದೇ ದಾಳಿಯಲ್ಲಿ, ಅದೇ ನೀರಿನಲ್ಲಿ ಮುಳುಗಿತು. ಸ್ಕಾಟ್ಲೆಂಡಿನಲ್ಲಿ ಕಟ್ಟಿದ ಆ ಹಡಗಿನ ಹಿಂಬದಿಯ ಸರಕು ಕೋಣೆಯಲ್ಲಿ ಲಾರಿಗಳು ಮತ್ತು ಬುಲ್‌ಡೋಜರ್ ಈಗಲೂ ಇವೆ.

ಐಕೊಕು ಮಾರು ಸಿಡಿದದ್ದನ್ನು ತೊನೊವಾಸ್‌ನಿಂದ ಕಂಡವರಲ್ಲಿ ಕಿಮಿಯುವೊ ಐಸೆಕ್ ಎಂಬ ಹದಿಹರೆಯದ ಹುಡುಗನೂ ಇದ್ದ. ಯುದ್ಧದ ಇತಿಹಾಸಕಾರರು ಬೇಗ ದಾಟಿಬಿಡುವ ಕಾಲ ಇದರ ಮುಂದಿನದು. ಅಮೆರಿಕ ಟ್ರಕ್ ಮೇಲೆ ಇಳಿಯಲಿಲ್ಲ. ಬಳಸಿಕೊಂಡು ಮುಂದೆ ಹೋಯಿತು. 1945ರ ಸೆಪ್ಟೆಂಬರಿನಲ್ಲಿ ಶರಣಾಗತಿಯಾಗುವವರೆಗೆ ಸರಕು ಬಾರದೆ, ಬಾಂಬು ನಿಲ್ಲದೆ, ಸೈನಿಕರೂ ದ್ವೀಪದ ಜನರೂ ಹಸಿವಿನಲ್ಲಿ ದಿನ ದೂಡಿದರು. ತೋಟ, ತೆಂಗು ಎಲ್ಲ ಸೇನೆಯ ಪಾಲಾಯಿತು. ಊರವರಿಗೆ ಆ ಹಡಗುಗಳು ಸಾಹಸದ ತಾಣವಾಗಿ ಕಾಣುವುದಕ್ಕೆ ಕಾರಣವೇ ಇರಲಿಲ್ಲ. ಆದರೂ ಯಾವ ಹಡಗು ಎಲ್ಲಿ ಇಳಿಯಿತು ಎಂಬುದು ಅವರ ನೆನಪಿನಲ್ಲಿತ್ತು. ಐಸೆಕ್ 1973ರಲ್ಲಿ ದ್ವೀಪದಲ್ಲಿ ಡೈವಿಂಗ್ ಅಂಗಡಿ ತೆರೆದು, ತಾನು ಹುಡುಗನಾಗಿದ್ದಾಗ ಕಂಡ ಜಾಗಗಳಿಗೆ ಹೊರಗಿನವರನ್ನು ಕರೆದೊಯ್ದರು. ಟ್ರಕ್‌ನ ಡೈವಿಂಗ್ ಉದ್ಯಮಕ್ಕೆ ಅಡಿಪಾಯ ಬಿದ್ದದ್ದು ಹೀಗೆ.

ಕಡತಗಳ ಕಡೆಯಿಂದ ಕೆಲಸ ಮಾಡಿದವರೂ ಇದ್ದಾರೆ. ಜರ್ಮನಿಯ ಕ್ಲೌಸ್ ಲಿಂಡೆಮನ್ ದಾಳಿಯ ವರದಿಗಳನ್ನೂ ವೈಮಾನಿಕ ಚಿತ್ರಗಳನ್ನೂ ತಳದಲ್ಲಿ ಕಂಡದ್ದರ ಜೊತೆ ತಾಳೆ ನೋಡಿ 1982ರಲ್ಲಿ ಪುಸ್ತಕ ಪ್ರಕಟಿಸಿದರು. ಅಮೆರಿಕದ ಡ್ಯಾನ್ ಬೇಲಿ ಅದೇ ಹಾದಿಯಲ್ಲಿ ಮುಂದುವರಿದರು. ಈ ಕೆಲಸದ ಬೆಲೆ ದೊಡ್ಡದು. ಬಾಂಬು ಹಾಕಿ ಹಾರಿಹೋಗುವ ಪೈಲಟ್‌ಗೆ ಹಡಗಿನ ಹೆಸರು ಓದುವ ಬಿಡುವೆಲ್ಲಿ? ಒಂದೇ ಹಡಗನ್ನು ಇಬ್ಬರು ಬೇರೆ ಬೇರೆಯಾಗಿ ಲೆಕ್ಕಕ್ಕೆ ಹಿಡಿದದ್ದುಂಟು. ನೀರಿಗಿಳಿದು ನೋಡದೆ ಆ ಗೋಜಲು ಬಿಡಿಸುವಂತಿರಲಿಲ್ಲ.

ನೀರಿಗಿಳಿಯುವ ಸಾಧನದ ಕಾಲವೂ ಯುದ್ಧದ್ದೇ. ಕುಸ್ತೋ ಮತ್ತು ಇಂಜಿನಿಯರ್ ಎಮಿಲ್ ಗಾನ್ಯಾನ್ ಜರ್ಮನ್ನರ ಹಿಡಿತದಲ್ಲಿದ್ದ ಫ್ರಾನ್ಸಿನಲ್ಲಿ ಅಕ್ವಾಲಂಗ್ ರೂಪಿಸಿ ಪ್ರಯೋಗಿಸಿದ್ದು 1943ರಲ್ಲಿ. ಆಳಕ್ಕೆ ತಕ್ಕ ಒತ್ತಡದಲ್ಲಿ, ಎಳೆದಾಗಷ್ಟೇ ಗಾಳಿ ಕೊಡುವ ಅದರ ಕವಾಟದಿಂದಾಗಿ ಮನುಷ್ಯ ಮೇಲಿನ ದೋಣಿಯ ಕೊಳವೆಯ ಹಂಗಿಲ್ಲದೆ ಹಡಗಿನ ಕಿರಿದಾದ ಬಾಗಿಲುಗಳಲ್ಲಿ ನುಸುಳುವಂತಾಯಿತು. ಆದರೆ ಆಳದ ಲೆಕ್ಕ ಕಟ್ಟುನಿಟ್ಟು. 50 ಮೀಟರ್ ಕೆಳಗೆ ಒತ್ತಡ ಮೇಲಿನ ಆರು ಪಟ್ಟು. ಸಿಲಿಂಡರ್ ಖಾಲಿಯಾಗುವ ವೇಗವೂ ಅಷ್ಟೇ ಪಟ್ಟು. ನೈಟ್ರೋಜನ್ ತಲೆಗೇರಿ ಅಮಲು ಬರುತ್ತದೆ. ರಕ್ತ, ಮಾಂಸಗಳಲ್ಲಿ ಕರಗಿದ ಅದೇ ಅನಿಲ ಹೊರಹೋಗಲು ಮೇಲೇರುವಾಗ ತಂಗಿ ತಂಗಿ ಬರಬೇಕು. ಅವಸರಪಟ್ಟರೆ ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಏನೂ ಆಗಬಹುದು. ಟ್ರಕ್‌ನ ಅದೃಷ್ಟವೆಂದರೆ ನೀರು ಬೆಚ್ಚಗೆ, ಅಲೆ ಕಡಿಮೆ, ಹಲವು ಹಡಗುಗಳ ಮೇಲ್ಭಾಗ 10ರಿಂದ 20 ಮೀಟರ್ ಆಳದಲ್ಲೇ ಸಿಗುತ್ತದೆ. ಸಾನ್‌ಫ್ರಾನ್ಸಿಸ್ಕೊ ಮಾರು ಮಾತ್ರ ಬೇರೆ ಮಾತು. ಡೆಕ್ಕಿನ ಮೇಲೆ ಹಗುರ ಟ್ಯಾಂಕುಗಳು, ಒಳಗೆ ಮೈನ್‌ಗಳ ರಾಶಿ. ಇದನ್ನೆಲ್ಲ ನೋಡಲು 50 ಮೀಟರಿನ ಆಸುಪಾಸಿಗೆ ಇಳಿಯಬೇಕು. ಬರೀ ಗಾಳಿಯ ಸಿಲಿಂಡರಿನಲ್ಲಿ ಹೋದವರಿಗೆ ಅಲ್ಲಿ ಸಿಗುತ್ತಿದ್ದದ್ದು ಕೆಲವೇ ನಿಮಿಷ. ಹೀಲಿಯಂ ಬೆರೆಸಿದ ಅನಿಲವೂ ಬಿಟ್ಟ ಉಸಿರನ್ನೇ ಮರುಬಳಸುವ ರೀಬ್ರೀದರ್‌ಗಳೂ ಬಳಕೆಗೆ ಬಂದ ಮೇಲಷ್ಟೇ ಅಂಥ ಹಡಗುಗಳನ್ನು ನಿಧಾನವಾಗಿ ಗಮನಿಸಲು ಸಾಧ್ಯವಾಯಿತು.

ಹೆಚ್ಚು ಜನ ನೋಡುವುದು ಫುಜಿಕಾವಾ ಮಾರುವನ್ನು. ನೆಟ್ಟಗೆ ನಿಂತಿರುವ ಸರಕು ಹಡಗು ಅದು. ಸರಕು ಕೋಣೆಗೆ ಇಳಿದರೆ ಜೋಡಿಸದೆ ಉಳಿದ ಜೀರೊ ಯುದ್ಧವಿಮಾನದ ಒಡಲು, ರೆಕ್ಕೆ, ಪ್ರೊಪೆಲ್ಲರ್‌ಗಳು ಒಂದರ ಮೇಲೊಂದು ಬಿದ್ದಿವೆ. ಪೈಲಟ್ ಕೂರುವ ಜಾಗದ ಚೌಕಟ್ಟು ಸ್ಪಷ್ಟವಾಗಿದೆ. ಅಲ್ಯುಮಿನಿಯಂ ಮೇಲೆ ಬೂದಿಬಣ್ಣದ ಹೂಳು ಒಂದು ಬೆರಳಿನಷ್ಟು ಕೂತಿರುತ್ತದೆ, ಕಾಲಿನ ಫಿನ್ ತುಸು ಜೋರಾಗಿ ಆಡಿದರೂ ಎದ್ದು ಕಣ್ಣು ಕಟ್ಟುತ್ತದೆ. ಇಂಜಿನ್ ಕೋಣೆಯ ಪಕ್ಕದ ಕಾರ್ಯಾಗಾರದಲ್ಲಿ ಲೇತ್ ಯಂತ್ರವಿದೆ. ಅಲ್ಲಿರುವ ಗಾಳಿ ಕಂಪ್ರೆಸರ್ 'ಸ್ಟಾರ್ ವಾರ್ಸ್' ಸಿನಿಮಾದ ಪುಟ್ಟ ರೋಬೊ ಥರ ಕಾಣುತ್ತದೆಂದು ಡೈವರ್‌ಗಳು ಅದಕ್ಕೆ ಅದೇ ಹೆಸರಿಟ್ಟಿದ್ದಾರೆ. ಈ ತಮಾಷೆ ನನಗೆ ಅಷ್ಟು ರುಚಿಸುವುದಿಲ್ಲ.

ರುಚಿಸದಿರಲು ಕಾರಣ ಅಸ್ಥಿಗಳು. 1944ರ ಏಪ್ರಿಲ್ 4ರಂದು ವಾಯುದಾಳಿಗೆ ಬೆದರಿ ಅವಸರದಲ್ಲಿ ನೀರೊಳಗಿಳಿದ ಐ-169 ಜಲಾಂತರ್ಗಾಮಿಯ ಒಂದು ಕವಾಟ ತೆರೆದೇ ಉಳಿದಿತ್ತು. ಒಳಗೆ ಸಿಕ್ಕಿಬಿದ್ದವರು ಗೋಡೆ ಬಡಿಯುವ ಸದ್ದು ಹೊರಗಿನ ಮುಳುಗುಗಾರರಿಗೆ ಕೇಳಿಸುತ್ತಿತ್ತು, ಎತ್ತಲಾಗಲಿಲ್ಲ. 1973ರಲ್ಲಿ ಅಸ್ಥಿಗಳನ್ನು ಹೊರತೆಗೆದು ದಹನ ಮಾಡಲಾಯಿತು. ಐಕೊಕು ಮಾರುವಿನಿಂದಲೂ 1980ರ ದಶಕದಲ್ಲಿ ಅಸ್ಥಿಗಳನ್ನು ಎತ್ತಲಾಯಿತು. ಎಲ್ಲ ಹಡಗುಗಳಲ್ಲೂ ಹಾಗಾಗಿಲ್ಲ. ಪರ್ಲ್ ಹಾರ್ಬರ್ ದಾಳಿಗೆ ಹೊರಟ ಪಡೆಗೆ ಎಣ್ಣೆ ಪೂರೈಸಿದ್ದ ಶಿಂಕೊಕು ಮಾರು ಟ್ಯಾಂಕರಿನ ಆಸ್ಪತ್ರೆ ಕೋಣೆಯಲ್ಲಿ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮೂಳೆಗಳು ಕಾಣುತ್ತವೆ. ಅವು ಅಲ್ಲೇ ಸತ್ತವರವಲ್ಲ, ಫೋಟೊ ಚೆನ್ನಾಗಿ ಬರಲೆಂದು ಯಾರೋ ಆರಿಸಿ ತಂದಿಟ್ಟವು ಎನ್ನುತ್ತಾರೆ. ಪುರಾತತ್ವದ ದೃಷ್ಟಿಯಿಂದ ಇದು ಸಾಕ್ಷ್ಯನಾಶ. ಸತ್ತವರ ಮನೆಯವರ ದೃಷ್ಟಿಯಿಂದ ಇದಕ್ಕೆ ಬೇರೆಯೇ ಹೆಸರಿದೆ.

ಜೀವವಿಜ್ಞಾನಿಗಳು ಇದೇ ಹಡಗುಗಳನ್ನು ಬೇರೆ ಕಣ್ಣಿನಿಂದ ನೋಡಿದರು. ಹವಳ ಎಷ್ಟು ವರ್ಷದಲ್ಲಿ ಎಷ್ಟು ಬೆಳೆಯುತ್ತದೆ ಎಂದು ತಿಳಿಯಲು ಬೆಳೆಯಲು ಶುರುವಾದ ದಿನ ಗೊತ್ತಿರಬೇಕು. ಇಲ್ಲಿ ಅದು ಗೊತ್ತು. 1975ರಲ್ಲಿ ಜೀವವಿಜ್ಞಾನಿ ಸಿಲ್ವಿಯಾ ಅರ್ಲ್ ಮತ್ತು ಛಾಯಾಗ್ರಾಹಕ ಅಲ್ ಗಿಡಿಂಗ್ಸ್ ಈ ಉದ್ದೇಶದಿಂದಲೇ ಬಂದು, 31 ವರ್ಷಗಳಲ್ಲಿ ಕಂಬಿ, ಫಿರಂಗಿಗಳ ಮೇಲೆ ಯಾವ ಜೀವಿಗಳು ನೆಲೆಯೂರಿವೆ ಎಂದು ದಾಖಲಿಸಿದರು.

ಆ ಹವಳದ ಹೊದಿಕೆಗೆ ಇನ್ನೊಂದು ಕೆಲಸವೂ ಇದೆ ಎಂದು ತೋರಿಸಿದವರು ಆಸ್ಟ್ರೇಲಿಯಾದ ಇಯಾನ್ ಮ್ಯಾಕ್ಲಿಯೊಡ್ ಮತ್ತು ಬಿಲ್ ಜೆಫ್ರಿ. ಕಬ್ಬಿಣದ ಮೇಲೆ ಕಟ್ಟಿದ ಗಟ್ಟಿ ಪದರ ಉಪ್ಪುನೀರಿನ ಆಮ್ಲಜನಕವನ್ನು ತಡೆದು ತುಕ್ಕನ್ನು ನಿಧಾನಗೊಳಿಸುತ್ತದೆ. ಪದರ ಒಡೆದ ಕಡೆ ಲೋಹ ಬೇಗ ಸವೆಯುತ್ತದೆ. ಒಡೆಯುವುದು ಯಾವುದರಿಂದ? ಮೀನು ಹಿಡಿಯಲು ಸಿಡಿಸುವ ಡೈನಮೈಟಿನಿಂದ. ಆ ಸಿಡಿಮದ್ದು ಬರುವುದೂ ಬಹುಮಟ್ಟಿಗೆ ಇದೇ ಯುದ್ಧಕಾಲದ ಶೆಲ್‌ಗಳಿಂದ. ಇದಕ್ಕೆ ಬರೀ ಮೀನುಗಾರರನ್ನು ದೂರುವುದು ಸುಲಭ, ಆದರೆ ಅನ್ಯಾಯ: ತಮ್ಮದಲ್ಲದ ಯುದ್ಧದ ಕಸವನ್ನು ಅಂಗಳದಲ್ಲಿ ಸುರಿಸಿಕೊಂಡವರು ಅವರು, ಡೈವಿಂಗ್‌ನ ಆದಾಯ ಎಲ್ಲ ಮನೆಗಳಿಗೆ ತಲುಪುವುದೂ ಇಲ್ಲ.

ಲಗೂನಿನಿಂದ ವಸ್ತುಗಳನ್ನು ಹೊರಸಾಗಿಸುವುದನ್ನು ಸ್ಥಳೀಯ ಆಡಳಿತ 1970ರ ದಶಕದಲ್ಲೇ ನಿಷೇಧಿಸಿತ್ತು. ಯುನೆಸ್ಕೊದ 2001ರ ಒಡಂಬಡಿಕೆ ನೀರಿನಡಿಯ ಪರಂಪರೆಗೆ ರಕ್ಷಣೆ ಕೊಡುತ್ತದೆ, ಆದರೆ ಅದರ ಪ್ರಕಾರ ವಸ್ತು ಕನಿಷ್ಠ 100 ವರ್ಷ ನೀರಿನಲ್ಲಿದ್ದಿರಬೇಕು. ಆಲಿಕಲ್ಲಿನ ದಾಳಿಯಲ್ಲಿ ಮುಳುಗಿದವು ಆ ಗಡಿ ಮುಟ್ಟುವುದು 2044ಕ್ಕೆ. ತಗಡು ಅಲ್ಲಿಯವರೆಗೆ ಕಾಯುವಂತಿಲ್ಲ. ತಲೆಕೆಳಗಾಗಿ ಬಿದ್ದಿರುವ ಹೊಯೊ ಮಾರು ಟ್ಯಾಂಕರಿನಿಂದ ಎಣ್ಣೆ ಜಿನುಗುತ್ತಿರುವುದನ್ನು ಸಮೀಕ್ಷೆಗಳು ಗುರುತಿಸಿವೆ, ಜಪಾನಿನ ತಂಡಗಳು ಹಡಗುಗಳಿಂದ ಎಣ್ಣೆ ಹೀರಿ ತೆಗೆಯುವ ಕೆಲಸ ಶುರುಮಾಡಿವೆ. ಯಾವ ಹಡಗಿನ ಯಾವ ತೊಟ್ಟಿಯಲ್ಲಿ ಎಣ್ಣೆ ಉಳಿದಿರಬಹುದು ಎಂದು ತೀರ್ಮಾನಿಸಲು ಆ ತಂಡಗಳಿಗೆ ಬೇಕಾಗುವುದು ಹಡಗಿನ ಮೂಲ ನಕ್ಷೆ, ಬಾಂಬು ಎಲ್ಲಿ ಬಿತ್ತೆಂಬ ದಾಳಿಯ ವರದಿ, ನೀರಿನ ಮೇಲೆ ಎಣ್ಣೆಯ ಪದರ ಯಾವ ಕಾಲದಲ್ಲಿ ಎಲ್ಲಿ ಕಾಣುತ್ತದೆಂದು ಬಲ್ಲ ದ್ವೀಪವಾಸಿಗಳ ಮಾತು, ಆಮೇಲೆ ಡೈವರ್.