ಎಳೆಯರ ದನಿಗೆ ಬಿಟ್ಟ ಜಾಗ

ಶಿಶುವಿಹಾರದಲ್ಲಿ ಹಾಡು ಹೇಳಿಕೊಡುವವರನ್ನು ಸಂಗೀತಗಾರರೆಂದು ಕರೆಯುವ ರೂಢಿ ನಮ್ಮಲ್ಲಿಲ್ಲ. ಸಭೆಯಲ್ಲಿ ಕಚೇರಿ ನಡೆಸುವವರು ವಿದ್ವಾಂಸರು. ಮೂರು ನಾಲ್ಕು ವರ್ಷದ ಮಕ್ಕಳೆದುರು ಚಪ್ಪಾಳೆ ತಟ್ಟಿ ಹಾಡುವವರು ಬಹಳವೆಂದರೆ ಟೀಚರಮ್ಮ. ಅಮೆರಿಕದಲ್ಲಿಯೂ ಬಹುಕಾಲ ಸ್ಥಿತಿ ಇದಕ್ಕಿಂತ ಬೇರೆಯಾಗಿರಲಿಲ್ಲ. ಈ ಕೆಲಸವನ್ನೇ ಜೀವಮಾನದ ವೃತ್ತಿಯಾಗಿ ಆರಿಸಿಕೊಂಡು, ಅದರಿಂದಲೇ ಬದುಕಿ ತೋರಿಸಿದವರ ಮೊದಲ ಸಾಲಿನಲ್ಲಿ ನಿಲ್ಲುವವರು ಎಲಾ ಜೆಂಕಿನ್ಸ್.

1924ರ ಆಗಸ್ಟಿನಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಅವರ ಜನನ. ಬೆಳೆದದ್ದು ಷಿಕಾಗೋ ನಗರದ ದಕ್ಷಿಣ ಭಾಗದ ಕಪ್ಪು ಜನರ ಕೇರಿಗಳಲ್ಲಿ. ಕ್ರಮವಾದ ಸಂಗೀತ ಶಿಕ್ಷಣ ಅವರಿಗೆ ದೊರೆಯಲಿಲ್ಲ. ಮನೆಯಲ್ಲಿ ಬಂಧುವೊಬ್ಬರು ಮೌತ್ ಆರ್ಗನ್ ನುಡಿಸುತ್ತಿದ್ದರು; ಬೀದಿಯಲ್ಲಿ ಹುಡುಗಿಯರು ಹಗ್ಗದಾಟ ಆಡುತ್ತ, ಕೈಗೆ ಕೈ ತಟ್ಟುತ್ತ ಹಾಡಿಕೊಳ್ಳುತ್ತಿದ್ದರು; ರಂಗಮಂದಿರದಲ್ಲಿ ಕ್ಯಾಬ್ ಕ್ಯಾಲೊವೇ ಎಂಬ ಪ್ರಸಿದ್ಧ ಗಾಯಕ ತಾನೊಂದು ಸೊಲ್ಲು ಹಾಡಿ, ಸಭಿಕರಿಂದ ಅದನ್ನೇ ತಿರುಗಿ ಹಾಡಿಸುತ್ತಿದ್ದ. ಈ ಮೂರೇ ಅವರ ಗುರುಕುಲ. ಮುಂದೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಮಾಜಶಾಸ್ತ್ರವನ್ನೂ ಅದರೊಡನೆ ಮಕ್ಕಳ ಮನಶ್ಶಾಸ್ತ್ರವನ್ನೂ ಓದಿ 1951ರಲ್ಲಿ ಪದವಿ ಪಡೆದರು. ಷಿಕಾಗೋಗೆ ಮರಳಿ, ಯುವತಿಯರ ಕ್ರೈಸ್ತ ಸಂಘದಲ್ಲಿ ಹದಿಹರೆಯದವರ ಕಾರ್ಯಕ್ರಮಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ತಿಂಗಳ ಸಂಬಳದ ನೌಕರಿ.

1956ರಲ್ಲಿ ಸ್ಥಳೀಯ ಸಾರ್ವಜನಿಕ ದೂರದರ್ಶನ ಕೇಂದ್ರದ ಮಕ್ಕಳ ಕಾರ್ಯಕ್ರಮವೊಂದರಲ್ಲಿ ಹಾಡಲು ಕರೆ ಬಂದಿತು. ಲಯವನ್ನು ಕುರಿತ ಒಂದು ಭಾಗವೇ ಅವರ ಪಾಲಿಗೆ ಬಂದಿತು. ಆ ವರ್ಷವೇ ಅವರು ನೌಕರಿಯನ್ನು ಬಿಟ್ಟು, ಮಕ್ಕಳಿಗಾಗಿ ಹಾಡುವುದೇ ತಮ್ಮ ಉದ್ಯೋಗವೆಂದು ಹೊರಟರು. ಆಗ ಅವರಿಗೆ 32 ವರ್ಷ.

ಇಂಥ ಉದ್ಯೋಗವೊಂದು ಅಲ್ಲಿ ಸಿದ್ಧವಾಗಿ ಕಾದಿರಲಿಲ್ಲ ಎಂಬುದನ್ನು ನಾವು ನೆನೆಯಬೇಕು. ದಾರಿ ತೆರೆದವರು ಕೆಲವರು ಇದ್ದರು, ನಿಜ. ನವ್ಯ ಸಂಗೀತ ರಚನೆಯಲ್ಲಿ ಹೆಸರಾಗಿದ್ದ ರೂತ್ ಕ್ರಾಫರ್ಡ್ ಸೀಗರ್, ಶಿಶುವಿಹಾರದಲ್ಲಿ ಪುಟ್ಟ ಮಕ್ಕಳೊಡನೆ ಹಾಡಿ ಪಡೆದ ಅನುಭವದಿಂದ, ಮಕ್ಕಳಿಗಾಗಿ ಅಮೆರಿಕದ ಜಾನಪದ ಗೀತೆಗಳ ಸಂಕಲನವೊಂದನ್ನು 1948ರಲ್ಲಿ ಹೊರತಂದಿದ್ದರು. ವುಡಿ ಗಥ್ರಿ, ಲೆಡ್ ಬೆಲ್ಲಿ, ಪೀಟ್ ಸೀಗರ್ ಮೊದಲಾದವರೂ ಮಕ್ಕಳಿಗಾಗಿ ಹಾಡಿದ್ದರು. ಆದರೆ ಅವರಿಗೆಲ್ಲ ದೊಡ್ಡವರ ಸಭೆಯೂ ಇತ್ತು. ಜೆಂಕಿನ್ಸ್ ಅವರು ಹಿಡಿದದ್ದು ಮಕ್ಕಳ ಸಭೆಯನ್ನು ಮಾತ್ರ.

ಊರೂರಿನ ಶಾಲೆಗಳಿಗೆ ಹೋಗಿ ಹಾಡುವುದು ಅವರ ಕ್ರಮ. ಹಗಲು ಮಕ್ಕಳ ನಡುವೆ ಆದರದಿಂದ ಬರಮಾಡಿಕೊಂಡ ಊರುಗಳಲ್ಲಿಯೇ, ಮೈಬಣ್ಣದ ಕಾರಣದಿಂದ, ಉಣ್ಣುವುದಕ್ಕೂ ರಾತ್ರಿ ತಂಗುವುದಕ್ಕೂ ತೊಡಕಾಗುತ್ತಿದ್ದ ಕಾಲ ಅದು. ಕೈಯಲ್ಲಿ ಯುಕುಲೇಲಿ ಎಂಬ ನಾಲ್ಕು ತಂತಿಯ ಪುಟ್ಟ ವಾದ್ಯ, ಜೊತೆಗೆ ಮೌತ್ ಆರ್ಗನ್: ಇಷ್ಟೇ ಅವರ ಸಲಕರಣೆ.

ಅವರ ವೃತ್ತಿಗೆ ನೆಲೆ ಒದಗಿಸಿದ್ದು ನ್ಯೂಯಾರ್ಕಿನ ಫೋಕ್‌ವೇಸ್ ಎಂಬ ಧ್ವನಿಮುದ್ರಣ ಸಂಸ್ಥೆ. 1948ರಲ್ಲಿ ಅದನ್ನು ಕಟ್ಟಿದ ಮೋಸೆಸ್ ಆಷ್ ವಿಚಿತ್ರ ವ್ಯಾಪಾರಿ. ಮಾರಾಟ ಕುಗ್ಗಿತೆಂದು ಯಾವ ತಟ್ಟೆಯನ್ನೂ ಪಟ್ಟಿಯಿಂದ ತೆಗೆಯುತ್ತಿರಲಿಲ್ಲ. ಶಾಲೆಗಳೂ ಗ್ರಂಥಾಲಯಗಳೂ ಅವನ ಮುಖ್ಯ ಗಿರಾಕಿಗಳು. ಮಕ್ಕಳ ಸಂಗೀತಕ್ಕೆ ಇದಕ್ಕಿಂತ ಹೊಂದುವ ವ್ಯಾಪಾರ ಬೇರೊಂದಿರಲಾರದು. ಚಿತ್ರಗೀತೆಯ ಕೇಳುಗ ವರ್ಷ ಕಳೆದರೆ ಹಳೆಯದನ್ನು ಮರೆಯುತ್ತಾನೆ. ಶಿಶುವಿಹಾರಕ್ಕಾದರೋ ವರ್ಷವರ್ಷವೂ ಹೊಸ ಮಕ್ಕಳು ಬರುತ್ತಾರೆ, ಅವರಿಗೆ ಹಳೆಯ ಹಾಡೇ ಹೊಸದು. ಜೆಂಕಿನ್ಸ್ ಅವರ ಮೊದಲ ತಟ್ಟೆ 1957ರಲ್ಲಿ ಫೋಕ್‌ವೇಸಿನಿಂದ ಹೊರಬಂದಿತು. ಅದರೊಡನೆ, ಹಾಡುಗಳನ್ನು ಗುಂಪಿನಲ್ಲಿ ಹೇಗೆ ಬಳಸಬೇಕೆಂದು ತಿಳಿಸುವ ಕಿರುಹೊತ್ತಗೆಯೂ ಇತ್ತು.

ಆ ತಟ್ಟೆಯ ಹೆಸರೇ ಅವರ ಪದ್ಧತಿಯನ್ನು ಹೇಳುತ್ತದೆ: ಕರೆ ಮತ್ತು ಓಗೊಡುವಿಕೆ. ಅವರು ಒಂದು ಸಾಲು ಹಾಡುತ್ತಾರೆ, ನಿಲ್ಲುತ್ತಾರೆ, ಮಕ್ಕಳು ತುಂಬುತ್ತಾರೆ. ನಮ್ಮ ಕೋಲಾಟದ ಹಾಡುಗಳಲ್ಲಿ ಮುಂದಾಳಿನ ಸೊಲ್ಲನ್ನು ಉಳಿದವರು ಎತ್ತಿಕೊಳ್ಳುವುದನ್ನು ಕಂಡವರಿಗೆ ಇದು ಹೊಸತೆನಿಸದು. ಮಗ್ಗಿಯನ್ನು ನಾನು ಕಲಿತದ್ದೂ ಹೀಗೆಯೇ. ಒಬ್ಬ ಹುಡುಗ ಎದ್ದುನಿಂತು ಹೇಳಬೇಕು, ಉಳಿದವರು ಒಕ್ಕೊರಲಿನಿಂದ ಒಪ್ಪಿಸಬೇಕು. ಆದರೆ ಅಲ್ಲಿ ತಪ್ಪಿದವನಿಗೆ ಬೆತ್ತ ಕಾದಿರುತ್ತಿತ್ತು. ಜೆಂಕಿನ್ಸ್ ಅವರ ಹಾಡುಗಳಲ್ಲಿ ತಪ್ಪುವುದಕ್ಕೆ ಎಡೆಯೇ ಕಡಿಮೆ. ಸ್ವರಗಳು ನಾಲ್ಕಾರು, ಪದಗಳು ಮತ್ತೆ ಮತ್ತೆ ಬರುವಂಥವು. ಮಾತು ಬಾರದ ಮಗುವೂ ತೊಡೆ ತಟ್ಟಿ ಸೇರಿಕೊಳ್ಳಬಹುದು. ನಾಚುವ ಮಗುವಿಗೂ ಗುಂಪಿನ ಮರೆ ಇದ್ದೇ ಇದೆ.

ಇದರಲ್ಲಿ ಸಂಗೀತವೆಷ್ಟು, ಎಂದು ಪ್ರಶ್ನಿಸುವವರುಂಟು. ಅವರ ತಟ್ಟೆಗಳನ್ನು ಒಬ್ಬರೇ ಕುಳಿತು ಕೇಳಿದರೆ ಏನೋ ಕೊರತೆ ಕಾಣುವುದೂ ನಿಜ. ಆ ಕೊರತೆ ಉದ್ದೇಶಪೂರ್ವಕವಾದದ್ದು. ತನ್ನ ಕಂಠವೇ ಎಲ್ಲವನ್ನೂ ತುಂಬಬೇಕೆಂಬ ಆಸೆಯನ್ನು ಗಾಯಕರು ಬಿಡುವುದು ಸುಲಭವಲ್ಲ. ಕಛೇರಿಗಳಲ್ಲಿ ಶ್ರೋತೃಗಳು ಕೂಡ ಹಾಡತೊಡಗಿದರೆ ನಮ್ಮ ವಿದ್ವಾಂಸರ ಮುಖ ಹೇಗಾಗುತ್ತದೆಂಬುದನ್ನು ನೀವೇ ಬಲ್ಲಿರಿ.

1965ರಲ್ಲಿ ಅಮೆರಿಕದ ಸರಕಾರವು ಬಡಮಕ್ಕಳ ಶಾಲಾಪೂರ್ವ ಶಿಕ್ಷಣಕ್ಕೆಂದು ಹೆಡ್ ಸ್ಟಾರ್ಟ್ ಯೋಜನೆಯನ್ನು ಆರಂಭಿಸಿತು. ಎಳೆಯರ ಶಿಕ್ಷಣ ದೇಶದ ಚಿಂತೆಯಾದ ಕಾಲ. ಮರುವರ್ಷ, ಮಕ್ಕಳ ಮೇಳದೊಡನೆ ಜೆಂಕಿನ್ಸ್ ಹಾಡಿದ, 'ನೀನೂ ಹಾಡು, ನಾನೂ ಹಾಡುವೆ' ಎಂಬರ್ಥದ ಹೆಸರಿನ ತಟ್ಟೆ ಬಂದಿತು. ಅತಿ ಹೆಚ್ಚು ಮಾರಾಟವಾದ ಫೋಕ್‌ವೇಸ್ ತಟ್ಟೆ ಎಂಬ ಹೆಸರು ಅದಕ್ಕೆ ಸಂದಿತು. ವಿಶ್ವವಿಖ್ಯಾತ ಜಾನಪದ ಗಾಯಕರನ್ನೆಲ್ಲ ಮುದ್ರಿಸಿದ ಸಂಸ್ಥೆಯಲ್ಲಿ ಈ ಸ್ಥಾನ ಶಿಶುವಿಹಾರದ ಹಾಡಿಗೆ ಒದಗಿದ್ದು ಸೋಜಿಗವಲ್ಲವೆ! ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಾಡಬೇಕಾದ ಧ್ವನಿಮುದ್ರಣಗಳ 2007ರ ಪಟ್ಟಿಯಲ್ಲಿ ಅದನ್ನು ಸೇರಿಸಿತು.

ಮನ್ನಣೆ ತಡವಾಗಿಯೇ ಬಂದಿತು. ಗ್ರ್ಯಾಮಿ ಸಂಸ್ಥೆ ಜೀವಮಾನದ ಸಾಧನೆಗೆ ಪ್ರಶಸ್ತಿಯಿತ್ತದ್ದು 2004ರಲ್ಲಿ. ಅವರಿಗೆ ಎಂಬತ್ತು ತುಂಬಿದ ವರ್ಷ ಅದು. ಆಷ್ 1986ರಲ್ಲಿ ತೀರಿಕೊಂಡ ಮೇಲೆ ಫೋಕ್‌ವೇಸ್ ಸ್ಮಿತ್‌ಸೋನಿಯನ್ ಸಂಸ್ಥೆಗೆ ಸೇರಿತು. ಯಾವ ತಟ್ಟೆಯನ್ನೂ ಪಟ್ಟಿಯಿಂದ ಅಳಿಸಬಾರದೆಂಬ ಅವನ ನಿಯಮವನ್ನು ಅಲ್ಲಿಯೂ ಉಳಿಸಿಕೊಂಡರು. ಎಲಾ ಜೆಂಕಿನ್ಸ್ 2024ರ ನವೆಂಬರ್ 9ರಂದು, ನೂರು ತುಂಬಿದ ಮೂರು ತಿಂಗಳಿಗೆ, ಷಿಕಾಗೋದಲ್ಲಿ ನಿಧನರಾದರು. 1957ರ ಆ ಮೊದಲ ಮುದ್ರಣ ಆಗಲೂ ಮಾರಾಟದಲ್ಲಿತ್ತು.